ಮುಚ್ಚದ ಕಂಸ

ಇಪ್ಪತ್ನಾಲ್ಕು ವಾರದ ಕೋರ್ಸು. ಇದು ಒಂಬತ್ತನೇದು.
ಲ್ಯಾಪ್‌ಟಾಪು ಹಿಟ್ಟಿನ ಡಬ್ಬಿ ಮ್ಯಾಲೆ,
ಡಬ್ಬಿ ಅಡಗಿಮನಿ ಕಟ್ಟಿ ಮ್ಯಾಲೆ,
ನಾನು ನಿಂತು.
ಕುಂತರ ನಿದ್ದಿ ಬರತೈತಿ.

ಭಿಶಿ ಎತ್ತಿ ತಂದದ್ದು ಇದು.
ಕೀಲಿಗಳ ಸಂದಿಯೊಳಗ ಆಗಲೇ ಜ್ವಾಳದ ಹಿಟ್ಟು.
ರಾತ್ರಿ ಹಳೇ ಬ್ರಶ್ ತಗೊಂಡು ತಿಕ್ಕತೇನಿ,
ಮಾವಾರು ಒಂದ್ ಕಾಲಕ್ಕ
ಸೀಸದ ಅಕ್ಷರಕ್ಕ ಸೀಮೆಎಣ್ಣಿ ಹಚ್ಚಿ ತಿಕ್ಕತಿದ್ದರಂತ, ಹಂಗ.

ಹನ್ನೊಂದು ವರ್ಷ ಗದಗಿನ ಸ್ಟೇಶನ್ ರೋಡಿನ ಪ್ರೆಸ್ಸಿನ್ಯಾಗ
ಊರಮಂದಿ ಲಗ್ನಪತ್ರಿಕಿ ಟೈಪ್ ಮಾಡಿದೆ.
'ಆಗಮನಾಭಿಲಾಷಿಗಳು' ಕಣ್ಣು ಮುಚ್ಚಿ ಹೊಡೀತಿದ್ದೆ.
ಈಗ ಮಂದಿ ಮೊಬೈಲಿನ್ಯಾಗ ಕರೀತಾರ,
ಮೊಬೈಲಿನ್ಯಾಗ ಅಕ್ಕಿಕಾಳು ಹಾಕತಾರ.
ಮಾಲಕರು ಕಡೀ ಪಗಾರದ ಜೋಡಿ
ಒಂದ್ ರಿಮ್ ಬಿಳೀ ಹಾಳಿ ಕೊಟ್ಟು ಕಳಿಸಿದರು.
ಅದರ ಒಂದ್ ಮಗ್ಗಲಿಗೆ ಸಿಂಚನಾಳ ಆನಿ, ಕುದರಿ,
ಇನ್ನೊಂದ್ ಮಗ್ಗಲಿಗೆ ನನ್ನ ಫಂಕ್ಷನ್ನು.

ಫಂಕ್ಷನ್ ಅಂದರ ನನಗ ಇಷ್ಟು ದಿನ
ಕುಬಸ, ಜವಳ, ಮನಿ ಒಕ್ಕಲು.
ಸರ್ ಅಂದರು: ಏನರೆ ಒಂದ್ ಕೊಟ್ಟರ
ಏನರೆ ಒಂದ್ ತಿರುಗಿ ಕೊಡತದ, ಅದು ಫಂಕ್ಷನ್.
ನಮ್ಮ ಕಡೆನೂ ಹಂಗ ಸರ್,
ಆಯೇರಿ ಅಂತೇವಿ.
ಮೈಕು ಬಂದ್ ಇತ್ತು. ಯಾರೂ ನಗಲಿಲ್ಲ.

ನಡುವ ಕರೆಂಟ್ ಹೋಗತೈತಿ.
ಓಣಿ ಮಂದಿಯೆಲ್ಲ ಹೆಸ್ಕಾಂನವರನ್ನ ಬೈತಾರ,
ದನಿ ಕೂಡಸತೇನಿ ನಾನೂ.
ಲೈನ್‌ಮನ್ ಫಕ್ಕೀರೇಶ ಎಲ್ಲಿಂದೋ ಫೋನ್ ಮಾಡತಾನ:
'ಕ್ಲಾಸ್ ಎಲ್ಲಿಗೆ ಬಂತು? ಹತ್ತು ನಿಮಿಷ ತಡಿ.'
ಇಪ್ಪತ್ತಾಗತೈತಿ. ಆದರೂ ಫೋನ್ ಬರತೈತಿ.

ಮೊನ್ನೆ ಸಾಲಿಯೊಳಗ ವೇಷ ಹಾಕೂ ದಿನ.
ಚೀಟಿ ಚೀಲದಾಗ ಇತ್ತು, ನಾ ನೋಡಲಿಲ್ಲ.
ರಾಣಿಗಳು, ಡಾಕ್ಟರು, ಒಂದು ಬದನಿಕಾಯಿ;
ಅವರ ನಡುವ ನನ್ನ ಮಗಳು, ನೀಲಿ ಯೂನಿಫಾರ್ಮು.
'ನೀ ಏನಾಗಿ ಬಂದಿ ಅಂತ ಟೀಚರ್ ಕೇಳಿದರು.
ನಾ ಸಿಂಚನಾ ಆಗಿ ಬಂದೇನಿ ಅಂದೆ.'
ಅಂದು, ರೊಟ್ಟಿ ಮುರಿದು ತಿಂದಳು.
ಆ ರಾತ್ರಿ ನಾ ಒಂದು ಸಾಲೂ ಬರೀಲಿಲ್ಲ.

ಹನ್ನೆರಡು ದಿನಕ್ಕೊಮ್ಮೆ ಬರೂ ನಳ
ಪರೀಕ್ಷಾ ರಾತ್ರಿನ ಬರಬೇಕೆ?
ಮುಂಜಾನೆ ಆರಕ್ಕ ಕೊಡಬೇಕು ಪ್ರೋಗ್ರಾಮು.
ಎರಡೂವರಿಗೆ ಹಂಡೆ, ಕೊಡ, ಬ್ಯಾರಲ್ಲು,
ಕುಕ್ಕರು ಸುದ್ದಾ ಸಾಲು ಹಚ್ಚಿ ಬಂದೆ.
ಪರದೆ ತುಂಬ ಕೆಂಪು ಅಕ್ಷರ.
ಮ್ಯಾಲಿಂದ ಕೆಳಗ ಏಳು ಸಲ ಓದಿದೆ,
ಎಲ್ಲಾ ಸರಿನ ಐತಿ. ಓಡೂದಿಲ್ಲ.

ನೀರಿಗೆ ಎದ್ದ ಮಾವಾರು ಹಿಂದ ಬಂದು ನಿಂತರು,
ಕೈಯಾಗ ಭೂತಗನ್ನಡಿ.
ಇಂಗ್ಲಿಷ್ ಅವರಿಗೆ ಬರೂದಿಲ್ಲ.
ನಲವತ್ತು ವರ್ಷ
ಅಕ್ಷರಾನ ಉಲ್ಟಾ ಜೋಡಿಸಿ, ಉಲ್ಟಾ ಓದಿದ ಕಣ್ಣು ಅದು,
ಅರ್ಥ ಕೇಳೂದಿಲ್ಲ.
ಬೆರಳಿಟ್ಟು ಸಾಲು ಸಾಲು ಇಳದರು.
'ಯವ್ವಾ, ಬಾಗಿದ ಕಂಸ ಮೂರು ತಗದಿ,
ಎರಡ ಮುಚ್ಚಿ.
ಒಬ್ಬ ಕಂಸ ಮಥುರಾಕ್ಕ ಓಡಿ ಹೋಗ್ಯಾನ.'

ಹದಿನೇಳನೇ ಸಾಲಿನ ತುದಿ.
ಹಾಕಿದೆ. ಕೆಂಪು ಹೋತು.
'ಏನ್ ಮಾಡತೈತಿ ಇದು?'
'ಕಾಯಿಪಲ್ಲೆ ಬಿಲ್ಲು ಕೂಡಸತೈತಿ, ಮಾವಾರ.'
'ಇಷ್ಟಕ್ಕ ಇಷ್ಟೊಂದ?'
ನಗು ತಡೀಲಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು,
ಕೂಸು ಏಳತೈತಂತ,
ಇನ್ನೊಮ್ಮೆ ಓಡಿಸಿ ನೋಡಿದಿವಿ. ಮತ್ತ ಇನ್ನೊಮ್ಮೆ.
ಬದನಿಕಾಯಿ ಎರಡು ಕಿಲೋ, ಕೊತಂಬ್ರಿ ಒಂದು ಸಿವುಡು.

ಹೊರಗಿಂದ ಗಂಗವ್ವತ್ತಿ ಒದರಿದಳು:
'ಏ ಶಿವಲೀಲಾ, ನಿಮ್ಮನಿ ನೀರು
ಓಣಿ ತುಂಬ ಹರದೈತಿ!
ನಳ ಬಂದ್ ಮಾಡಬೇ!'